ಮೊಸರಿನ ರುಚಿ ಕೆಟ್ಟರೆ ಎಲ್ಲಿಂದ ಹುಡುಕಬೇಕು

ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಿಂಡಿಯ ನಡುವೆ ಕುಳಿ ಮಾಡಿ ಹಾಕಿದ ಗಟ್ಟಿ ಮೊಸರು. ಧಾರವಾಡದ ನಮ್ಮ ಮನೆಯಲ್ಲಿ ಈ ಮೂರರಲ್ಲಿ ಮೊಸರು ಕೆಟ್ಟ ದಿನ ಉಳಿದೆರಡೂ ಗಂಟಲಲ್ಲಿ ಇಳಿಯುವುದಿಲ್ಲ. ಹಾಗೆ ಕೆಟ್ಟಾಗ ಎಲ್ಲರೂ ಮಾಡುವುದು ಒಂದೇ ಕೆಲಸ: ಹೆಪ್ಪು ಬದಲಾಯಿಸುವುದು. ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವೆ. ಎರಡು ದಿನ ಸರಿಹೋದಂತೆ ಕಾಣುತ್ತದೆ, ಮೂರನೇ ದಿನ ಮತ್ತೆ ಅದೇ ಹುಳಿ, ಅದೇ ಲೋಳೆ. ಇಷ್ಟು ವರ್ಷ ದಿನಾ ಹೆಪ್ಪು ಹಾಕಿದ ಮೇಲೆ ನನಗೆ ಖಾತ್ರಿಯಾಗಿರುವುದು ಇದು: ಹೆಪ್ಪಿನ ಮೇಲೆ ತಪ್ಪು ಹೊರಿಸುವ ಮೊದಲು ಗಡಿಯಾರ ನೋಡಬೇಕು, ಹಾಲಿನ ಬಿಸಿ ನೋಡಬೇಕು, ಆಮೇಲೆ ಪಾತ್ರೆ, ಕೊನೆಗೆ ಹಾಲು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ಮೊಸರು ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಗಡಿಗೆಯೊಳಗೆ ನಡೆಯುವ ಕೆಲಸ ತಿಳಿದಿದ್ದರೆ ಹುಡುಕುವುದು ಸುಲಭ. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ. ಪಿ.ಎಚ್. ಎಂದರೆ ಹುಳಿಯ ಅಳತೆ, ಹುಳಿ ಏರಿದಂತೆ ಆ ಅಂಕಿ ಇಳಿಯುತ್ತದೆ. ತಾಜಾ ಹಾಲಿನ ಪಿ.ಎಚ್. ಸುಮಾರು 6.6. ಅದು 4.6ರ ಹತ್ತಿರಕ್ಕೆ ಇಳಿಯುತ್ತ ಬಂದಂತೆ ಕೇಸೀನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿಕೊಂಡು ಹಾಲು ಮೊಸರಾಗಿ ನಿಲ್ಲುತ್ತದೆ. ಮನೆಯ ಹೆಪ್ಪಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರುವುದಿಲ್ಲ. ಲ್ಯಾಕ್ಟೋಕಾಕಸ್ ಗುಂಪಿನವಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್, ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್ ಇವಕ್ಕೆ 40ರಿಂದ 45 ಬೇಕು. ನೀವು ಇಡುವ ಬಿಸಿ ಯಾರಿಗೆ ಒಗ್ಗುತ್ತದೋ ಅವರ ಸಂತತಿ ಹೆಚ್ಚುತ್ತದೆ. ಅಕ್ಕನ ಮನೆಯ ಹೆಪ್ಪು ತಂಗಿಯ ಮನೆಗೆ ಬಂದು ವಾರದೊಳಗೆ ಬೇರೆ ರುಚಿ ಕೊಡುವುದು ಇದಕ್ಕೇ.

ಬಾಯಿಗೆ ಇಡುವ ಮೊದಲು

ಮೊದಲು ನೋಡಿ, ಆಮೇಲೆ ಮೂಸಿ, ಕೊನೆಗೆ ನಾಲಿಗೆಯ ತುದಿಗೆ ಹಚ್ಚಿ. ಈ ಕ್ರಮ ತಪ್ಪಿಸಬೇಡಿ. ಮೇಲೆ ಗುಲಾಬಿ, ಕಿತ್ತಳೆ, ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ, ಹತ್ತಿಯಂಥ ಬೂಷ್ಟು ಕಂಡರೆ ಅಲ್ಲಿಗೇ ನಿಲ್ಲಿಸಿ, ಪೂರ್ತಿ ಚೆಲ್ಲಿ. ಮೇಲಿನ ಕೆನೆ ತೆಗೆದು ಕೆಳಗಿನದನ್ನು ಉಣ್ಣುವುದು ಸರಿಯಲ್ಲ, ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತವೆ. ಅದರಿಂದ ಹೆಪ್ಪನ್ನಂತೂ ಎತ್ತಿಡಲೇಬಾರದು. ಕೊಳೆತ ವಾಸನೆ, ಸಗಣಿಯ ವಾಸನೆ ಬಂದರೂ ಅಷ್ಟೇ.

‘ಮಜ್ಜಿಗಿ ಸಾರು ಮಾಡಿ ಕುದಿಸಿದ್ರ ಆತು’ ಎನ್ನುವ ಮಾತು ನಮ್ಮ ಕಡೆ ಬಹಳ ಇದೆ. ಹುಳಿ ಹೆಚ್ಚಾದ ಮೊಸರಿಗೆ ಆ ಮಾತು ಸರಿ. ಕೆಟ್ಟ ಮೊಸರಿಗೆ ಅದು ಅಪಾಯ. ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಅನುಮಾನದ ಮೊಸರಿನ ರುಚಿ ನೋಡುವ ಕೆಲಸವನ್ನು ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ದೊಡ್ಡ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಮಾಡಬಾರದು.

ಬಾಯಿ ಚುರುಗುಟ್ಟುವಷ್ಟು ಹುಳಿ

ಹತ್ತು ದೂರುಗಳಲ್ಲಿ ಹೆಚ್ಚಿನವು ಇದೇ, ಅದರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಆ ದಿನಗಳಲ್ಲಿ ಅಡುಗೆಮನೆಯ ಕಟ್ಟೆ ರಾತ್ರಿ ಹತ್ತಕ್ಕೂ ಆರಿರುವುದಿಲ್ಲ. ಮಲಗುವ ಮೊದಲು ಹೆಪ್ಪು ಹಾಕಿದರೆ ನಸುಕಿನ ಮೂರು ಗಂಟೆಗೇ ಮೊಸರು ನಿಂತಿರುತ್ತದೆ. ನೀವು ಏಳುವುದು ಆರಕ್ಕೆ. ನಡುವಿನ ಮೂರು ತಾಸು ಬ್ಯಾಕ್ಟೀರಿಯಾ ಸುಮ್ಮನೆ ಕೂತಿರುವುದಿಲ್ಲ, ಆಮ್ಲ ಮಾಡುತ್ತಲೇ ಇರುತ್ತವೆ.

ಕಾಸು ಖರ್ಚಿಲ್ಲದ ಪರೀಕ್ಷೆ ಇದು: ಒಂದು ದಿನ ಬೆಳಿಗ್ಗೆ, ನೀವು ಮನೆಯಲ್ಲಿರುವಾಗ ಹೆಪ್ಪು ಹಾಕಿ. ಮೂರು ತಾಸಿನ ನಂತರ ಅರ್ಧ ತಾಸಿಗೊಮ್ಮೆ ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿ ನೋಡಿ. ಮೊಸರು ಅಂಚಿನಿಂದ ಜಾರದೆ ಒಂದೇ ಮುದ್ದೆಯಾಗಿ ನಡುಗಿದರೆ ಆಗಿದೆ ಎಂದು ಅರ್ಥ. ಆಗಲೇ ಫ್ರಿಜ್‌ಗೆ ಇಡಿ. ರುಚಿ ಸರಿಯಿದ್ದರೆ ನಿಮ್ಮ ಹಾಲಿಗೂ ಹೆಪ್ಪಿಗೂ ಏನೂ ಆಗಿಲ್ಲ, ಹೊತ್ತು ಮೀರುತ್ತಿತ್ತು ಅಷ್ಟೆ. ಬೇಸಿಗೆಯಲ್ಲಿ ಸಂಜೆಗೇ ಹೆಪ್ಪು ಹಾಕಿ ಮಲಗುವ ಹೊತ್ತಿಗೆ ಫ್ರಿಜ್‌ಗೆ ಸೇರಿಸುವುದು ನಾನು ಕಂಡುಕೊಂಡ ದಾರಿ. ಫ್ರಿಜ್‌ನಲ್ಲಿಯೂ ಹುಳಿ ಏರುತ್ತದೆ, ಆದರೆ ಬಹಳ ನಿಧಾನವಾಗಿ.

ಆಮೇಲೆ ಹೆಪ್ಪಿನ ಅಳತೆ ನೋಡಿ. ಒಂದು ಲೀಟರ್ ಹಾಲಿಗೆ ಬೇಸಿಗೆಯಲ್ಲಿ ಒಂದು ಸಣ್ಣ ಚಮಚ ಸಾಕು, ಚಳಿಯಲ್ಲಿ ಎರಡು, ಮೂರು. ಹೆಚ್ಚು ಹಾಕಿದರೆ ಗಟ್ಟಿಯಾಗುತ್ತದೆ ಎಂದು ಸೌಟುಗಟ್ಟಲೆ ಸುರಿಯುವವರಿದ್ದಾರೆ. ಹಾಗೆ ಮಾಡಿದರೆ ಬೇಗ ಹುಳಿಯಾಗಿ, ಮೊಸರು ರವೆಯಂತೆ ಉದುರಿ, ಮೇಲೆ ತಿಳಿ ನೀರು ಬಿಡುತ್ತದೆ. ಹಳೆಯ, ತಾನೇ ಹುಳಿಯಾಗಿರುವ ಹೆಪ್ಪು ಬಳಸಿದರೂ ಹೀಗೇ. ಊಟಕ್ಕೆ ತೆಗೆಯುವ ಮೊದಲೇ ಹೊಸ ಮೊಸರಿನಿಂದ ಎರಡು ಚಮಚ ಬೇರೆ ಬಟ್ಟಲಿಗೆ ಎತ್ತಿಡುವುದು ಒಳ್ಳೆಯದು. ಉಂಡ ಚಮಚ, ರೊಟ್ಟಿ ಮುಟ್ಟಿದ ಕೈ ತಾಗಿದ ತಳದ ಮೊಸರು ಹೆಪ್ಪಿಗೆ ಯೋಗ್ಯವಲ್ಲ.

ಹಾಲು ಹಾಲೇ ಉಳಿದಿದೆ, ಅಥವಾ ಸಪ್ಪೆ, ತೆಳು

ಡಿಸೆಂಬರ್, ಜನವರಿಯ ಧಾರವಾಡದಲ್ಲಿ ಇದು ಮನೆಮನೆಯ ಮಾತು. ಮೊದಲು ನೋಡಬೇಕಾದದ್ದು ಹೆಪ್ಪು ಹಾಕುವಾಗಿನ ಬಿಸಿ.

ನನಗೆ ಇದನ್ನು ಕಲಿಸಿದವಳು ಆಯಿ. ಹಾವೇರಿ ಕಡೆಯ ಅವಳ ಮನೆಯಲ್ಲಿ ಒಲೆಯಿಂದ ಇಳಿಸಿದ ಹಾಲಿನ ಬೋಗುಣಿಯ ಮುಂದೆ ನನ್ನನ್ನು ಕೂರಿಸಿ, ಕೈ ತೊಳೆಸಿ ಒರೆಸಿ, ಕೆನೆಯನ್ನು ಒಂದು ಬದಿಗೆ ಸರಿಸಿ ಕಿರುಬೆರಳು ಇಳಿಸಲು ಹೇಳಿದ್ದಳು. ‘ಹತ್ತು ಎಣಸೂತನಕ ಬೆರಳ ತಡಕೊಂಡ್ರ ಹೆಪ್ಪ ಹಾಕು. ಸುಟ್ಟಂಗಾದ್ರ ಇನ್ನೂ ತಡಿ. ಏನೂ ಅನಸ್ಲಿಲ್ಲಂದ್ರ ತಡ ಆತು, ಮತ್ತ ಒಲಿ ಮ್ಯಾಲ ಇಡು.’ ಮೊದಲ ದಿನ ನಾನು ನಾಲ್ಕಕ್ಕೇ ಬೆರಳು ಎಳೆದುಕೊಂಡಿದ್ದೆ. ಕೆನೆ ಬೆರಳಿಗೆ ಅಂಟಿ ಎದ್ದು ಬಂದಿತ್ತು, ಅದನ್ನು ಆಯಿ ನನ್ನ ಬಾಯಿಗೇ ಹಚ್ಚಿದಳು. ಬಹಳ ವರ್ಷಗಳ ಮೇಲೆ ಥರ್ಮಾಮೀಟರ್ ತಂದು ಅಳೆದೆ. ಆಯಿಯ ಹತ್ತು ಎಣಿಕೆ 42 ಡಿಗ್ರಿಯ ಹತ್ತಿರ ಬಂತು. 50 ದಾಟಿದ ಹಾಲಿಗೆ ಹೆಪ್ಪು ಹಾಕಿದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ, 30ಕ್ಕಿಂತ ಕೆಳಗೆ ಇಳಿದರೆ ಚಳಿಯ ರಾತ್ರಿಯಲ್ಲಿ ಕೆಲಸ ಮುಂದುವರಿಯುವುದಿಲ್ಲ.

ಬಿಸಿ ಸರಿಯಿದ್ದು ರಾತ್ರಿ ಆರಿಹೋಗುತ್ತಿದ್ದರೆ ಪಾತ್ರೆಯನ್ನು ಹಳೆಯ ಕೌದಿಯ ತುಂಡಿನಲ್ಲಿ ಸುತ್ತಿ ಮರದ ಕಪಾಟಿನಲ್ಲಿಡಿ, ಇಲ್ಲವೆ ಹಾಟ್‌ಬಾಕ್ಸ್‌ನೊಳಗೆ ಇಡಿ. ಹೆಪ್ಪು ಹಾಕಿದ ಮೇಲೆ ಅಲುಗಾಡಿಸಬೇಡಿ, ನಡುನಡುವೆ ಮುಚ್ಚಳ ತೆಗೆದು ಕೈಯಾಡಿಸಿದರೆ ಕಟ್ಟುತ್ತಿರುವುದೂ ಒಡೆಯುತ್ತದೆ.

ನಿಂತಿದೆ, ಆದರೆ ತೆಳು ಎಂದಾದರೆ ಹಾಲಿನ ಪಾಕೀಟು ತಿರುಗಿಸಿ ಓದಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಫುಲ್ ಕ್ರೀಮ್‌ನಲ್ಲಿ ಶೇ. 6. ಎಮ್ಮೆಯ ಹಾಲಿನಲ್ಲಿ ಅದಕ್ಕಿಂತಲೂ ಹೆಚ್ಚು ಇರಬಹುದು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಧಾರವಾಡಿ ಎಮ್ಮೆಯ ಹಾಲಿನ ಮೊಸರು ತಿಂದು ಬೆಳೆದವರಿಗೆ ಟೋನ್ಡ್ ಹಾಲಿನದು ತೆಳು ಅನಿಸುವುದು ಸಹಜ, ಅದು ದೋಷವಲ್ಲ. ಹಾಲು ಉಕ್ಕಿದ ಕೂಡಲೆ ಇಳಿಸದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ನೀರು ಸ್ವಲ್ಪ ಆವಿಯಾಗುತ್ತದೆ, ಹಾಲಿನ ಇನ್ನೊಂದು ಬಗೆಯ ಪ್ರೋಟೀನು ಬಿಸಿಗೆ ಬಿಚ್ಚಿಕೊಂಡು ಕೇಸೀನ್‌ಗೆ ಅಂಟಿ ಮೊಸರು ಗಟ್ಟಿಯಾಗುತ್ತದೆ. ತಳ ಹಿಡಿಯದಂತೆ ಕೈಯಾಡಿಸುತ್ತಿರಿ, ಸೀದರೆ ಆ ವಾಸನೆ ಮೊಸರಿನಲ್ಲಿ ಹಾಗೇ ಉಳಿಯುತ್ತದೆ. ಹಸಿ ಹಾಲಿಗೆ ಹೆಪ್ಪು ಹಾಕುವ ರೂಢಿ ಇದ್ದರೆ ದಯವಿಟ್ಟು ಬಿಡಿ. ಬ್ರುಸೆಲ್ಲಾದಂಥ ರೋಗಾಣು ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ, ತಿಂಗಳುಗಟ್ಟಲೆ ಜ್ವರದಲ್ಲಿ ನರಳಿಸುತ್ತದೆ.

ಬಿಸಿ, ಹೊತ್ತು ಎರಡೂ ಸರಿಯಿದ್ದು ಹಾಲು ನಿಲ್ಲುತ್ತಲೇ ಇಲ್ಲ ಎಂದಾದರೆ ಪಾತ್ರೆಯಲ್ಲಿ ಸೋಪಿನ ಪುಡಿ ಉಳಿದಿದೆಯೇ ನೋಡಿ. ಅದೂ ಇಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಹೋಗಿ.

ಎರಡು ಬಟ್ಟಲ ಪರೀಕ್ಷೆ

ಇದಕ್ಕೆ ಅರ್ಧ ಲೀಟರ್ ಪಾಕೀಟು ಹಾಲು, ಬೇರೆ ಮನೆಯ ಒಂದು ಚಮಚ ಒಳ್ಳೆಯ ಹೆಪ್ಪು, ಕುದಿಯುವ ನೀರಿನಲ್ಲಿ ತೊಳೆದ ಎರಡು ಸ್ಟೀಲ್ ಬಟ್ಟಲು, ಎರಡು ಬೇರೆ ಚಮಚ ಬೇಕು. ಮೊದಲ ಬಟ್ಟಲಲ್ಲಿ ನಿಮ್ಮ ಮಾಮೂಲಿ ಹಾಲು, ಬೇರೆ ಮನೆಯ ಹೆಪ್ಪು. ಎರಡನೆಯದರಲ್ಲಿ ಪಾಕೀಟು ಹಾಲು, ನಿಮ್ಮ ಹೆಪ್ಪು. ಎರಡನ್ನೂ ಒಂದೇ ಬಿಸಿಯಲ್ಲಿ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಇಡಿ.

ಮೊದಲನೆಯದು ಕೆಟ್ಟು ಎರಡನೆಯದು ಸರಿಬಂದರೆ ದೋಷ ಹಾಲಿನದು. ಎರಡನೆಯದು ಮಾತ್ರ ಕೆಟ್ಟರೆ ಹೆಪ್ಪಿನದು. ಎರಡೂ ಚೆನ್ನಾಗಿ ಬಂದರೆ ನಿಮ್ಮ ದಿನದ ಗಡಿಗೆಯನ್ನೋ ಚಮಚವನ್ನೋ ಅನುಮಾನಿಸಿ, ಯಾಕೆಂದರೆ ಈ ಸಲ ಬಟ್ಟಲು ಬೇರೆ ಇತ್ತು. ಎರಡೂ ಕೆಟ್ಟರೆ ಜಾಗ, ಬಿಸಿ, ಹೊತ್ತು ಇವುಗಳಿಗೆ ಮತ್ತೆ ಮರಳಬೇಕು.

ಮೊದಲ ಬಟ್ಟಲು ನಿಲ್ಲಲೇ ಇಲ್ಲ ಎಂದರೆ ಹಾಲು ಕೊಡುವವರನ್ನು ಮೆತ್ತಗೆ ಒಂದು ಮಾತು ಕೇಳಿ: ‘ಎಮ್ಮಿಗೆ ಕೆಚ್ಚಲ ಬಾವು ಆಗಿತ್ತೇನ್ರಿ, ಸೂಜಿ ಮಾಡ್ಸಿದ್ರೇನ್ರಿ?’ ಆಂಟಿಬಯಾಟಿಕ್ ಕೊಟ್ಟ ದನದ ಹಾಲಿನಲ್ಲಿ ಔಷಧ ಕೆಲವು ದಿನ ಉಳಿಯುತ್ತದೆ, ಹೆಪ್ಪಿನ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುವುದಿಲ್ಲ. ಎಷ್ಟು ದಿನ ಆ ಹಾಲು ಕರೆದು ಚೆಲ್ಲಬೇಕು ಎಂದು ಪಶುವೈದ್ಯರು ಹೇಳಿರುತ್ತಾರೆ, ಅಷ್ಟು ದಿನ ಅದನ್ನು ಯಾರೂ ಕುಡಿಯಬಾರದು. ಹಾಲು ಒಡೆಯದಿರಲೆಂದು ಸೋಡಾ ಬೆರೆಸಿದ್ದರೂ ಹೆಪ್ಪು ಏಳುವುದಿಲ್ಲ, ಆಗುತ್ತಿರುವ ಹುಳಿಯನ್ನು ಸೋಡಾ ಅಳಿಸುತ್ತ ಹೋಗುತ್ತದೆ.

ಲೋಳೆ, ಚಮಚ ಎತ್ತಿದರೆ ನೂಲಿನ ಎಳೆ

ನೋಡಲು ಅಸಹ್ಯ, ಆದರೆ ವಾಸನೆ ಶುದ್ಧ ಹುಳಿಯಾಗಿದ್ದರೆ ಹೆದರಬೇಕಿಲ್ಲ. ಕೆಲವು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸಕ್ಕರೆಯಿಂದ ಉದ್ದುದ್ದ ಅಂಟಿನ ಎಳೆ ನೇಯುತ್ತವೆ. ತಂಪಿನಲ್ಲಿ ನಿಧಾನವಾಗಿ ಹೆಪ್ಪಾದಾಗ ಅವುಗಳ ಕೈ ಮೇಲಾಗುತ್ತದೆ. ಮಳೆಗಾಲದ ಧಾರವಾಡದಲ್ಲಿ ಇದು ಹೆಚ್ಚು, ಬಿಸಿಲಿನ ಗದಗಿನಲ್ಲಿ ಕಡಿಮೆ. ಮುಂದಿನ ಎರಡು, ಮೂರು ಸಲ ಹಾಲನ್ನು 42 ಡಿಗ್ರಿಯಲ್ಲಿ ಹೆಪ್ಪಿಟ್ಟು, ಬಿಸಿ ಆರದಂತೆ ಸುತ್ತಿ, ನಿಂತ ತಕ್ಷಣ ತೆಗೆಯಿರಿ. ಸಾಮಾನ್ಯವಾಗಿ ಲೋಳೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಆಗ ಹೆಪ್ಪು ಬದಲಾಯಿಸಿ, ಅದರ ಜೊತೆಗೇ ಗಡಿಗೆಯನ್ನೂ ತೊಳೆಯಿರಿ. ಲೋಳೆಯ ಜೊತೆ ದುರ್ವಾಸನೆ ಇದ್ದರೆ ಅದು ಹಾಲಿಗೆ ಸೇರಿದ ಹೊಲಸಿನ ಬ್ಯಾಕ್ಟೀರಿಯಾ, ಚೆಲ್ಲಿ.

ಮಣ್ಣಿನ ಗಡಿಗೆಯ ಮೊಸರಿಗೆ ಸಮ ಯಾವುದೂ ಇಲ್ಲ. ಹೆಚ್ಚಿನ ನೀರನ್ನು ಗಡಿಗೆ ಹೀರುತ್ತದೆ, ಮೊಸರು ಕತ್ತರಿಸುವ ಹಾಗೆ ಬರುತ್ತದೆ. ಆದರೆ ಅದೇ ರಂಧ್ರಗಳಲ್ಲಿ ಹಳೆಯ ಮೊಸರೂ ಕೂತಿರುತ್ತದೆ. ಸೋಪು ಹಚ್ಚಿದರೆ ಅದನ್ನೂ ಹೀರುತ್ತದೆ. ತೆಂಗಿನ ನಾರಿನಿಂದ ಉಜ್ಜಿ, ಬಿಸಿನೀರು ತುಂಬಿ ತಣ್ಣಗಾಗುವವರೆಗೆ ಬಿಟ್ಟು, ಚೆಲ್ಲಿ, ಒಂದು ಪೂರ್ತಿ ದಿನ ಬಿಸಿಲಿಗೆ ಬೋರಲು ಹಾಕಿ. ಎರಡು ಗಡಿಗೆ ಇಟ್ಟುಕೊಂಡು ಒಂದನ್ನು ಒಣಗಲು ಬಿಟ್ಟರೆ ಅರ್ಧ ತೊಂದರೆ ಕಡಿಮೆ. ಬೂಷ್ಟು ಬಂದ ಗಡಿಗೆಯನ್ನು ಮಾತ್ರ ಮೊಸರಿಗೆ ಮತ್ತೆ ಬಳಸಬೇಡಿ.

ಉಂಡ ಮೇಲೆ ನಾಲಿಗೆಯ ಬುಡದಲ್ಲಿ ಕಹಿ

ಇದೇ ನನ್ನನ್ನು ಹೆಚ್ಚು ಕಾಡಿದ್ದು. ಒಂದು ವರ್ಷ ಮಳೆ ಕೈಕೊಟ್ಟಾಗ ಸುಮಾರು ಮೂರು ವಾರ ನಮ್ಮ ಮೊಸರು ಕಹಿಯಾಯಿತು. ಬಾಯಿಗಿಟ್ಟಾಗ ಏನೂ ಇಲ್ಲ, ನುಂಗಿದ ಮೇಲೆ ಬೇವಿನೆಲೆ ಕಚ್ಚಿದ ಹಾಗೆ. ಎರಡು ಸಲ ಹೆಪ್ಪು ಬದಲಾಯಿಸಿದೆ. ಗಡಿಗೆ ಬಿಸಿಲಿಗಿಟ್ಟೆ. ಸ್ಟೀಲ್ ಡಬ್ಬಿಗೆ ಹೋದೆ. ಕಡೆಗೆ ಎರಡು ಬಟ್ಟಲು ಇಟ್ಟೆ: ಪಾಕೀಟು ಹಾಲು, ನನ್ನ ಹೆಪ್ಪು ಇದ್ದ ಬಟ್ಟಲು ಬೆಣ್ಣೆಯಂತೆ ಸಿಹಿ, ಇನ್ನೊಂದು ಕಹಿ. ಅದೇ ಹಾಲನ್ನು ಕಾಯಿಸಿ, ಆರಿಸಿ, ಸಕ್ಕರೆ ಹಾಕದೆ ಕುಡಿದು ನೋಡಿದೆ. ಹಾಲಿನಲ್ಲೇ ಸಣ್ಣಗೆ ಕಹಿ ಇತ್ತು, ದಿನಾ ಚಹಾದಲ್ಲಿ ಅದು ಮುಚ್ಚಿಹೋಗಿತ್ತು.

ಹಾಲು ತರುವ ಕಾಕಾ ಮುಚ್ಚಿಡಲಿಲ್ಲ. ‘ಕಣಿಕಿ ತೀರ್ಯಾವ್ರಿ ಅಕ್ಕಾರ, ಎಮ್ಮಿ ಬದುವಿನ ಮ್ಯಾಲ ಬಿಟ್ಟೇನಿ. ಎಲ್ಲಿ ನೋಡಿದ್ರೂ ಕಾಂಗ್ರೆಸ್ ಕಸಾನ ಐತಿ.’ ನಾವು ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂ ತಿಂದ ದನದ ಹಾಲು ಕಹಿಯಾಗುತ್ತದೆ. ದನಗಳು ಅದನ್ನು ಇಷ್ಟಪಟ್ಟು ತಿನ್ನುವುದಿಲ್ಲ, ಬೇರೆ ಮೇವು ಇಲ್ಲದಾಗ ತಿನ್ನುತ್ತವೆ, ಅದರಿಂದ ಅವುಗಳ ಆರೋಗ್ಯವೂ ಕೆಡುತ್ತದೆ. ಕಾಕಾ ಜೋಳದ ಕಣಿಕೆ, ಹತ್ತಿಕಾಳಿನ ಹಿಂಡಿ ಹೊಂದಿಸಿದ ಮೇಲೆ ಕೆಲವೇ ದಿನಗಳಲ್ಲಿ ಕಹಿ ಹೋಯಿತು. ಮೂರು ವಾರ ನಾನು ಬೈದದ್ದು ಹೆಪ್ಪಿಗೆ, ಹಸಿದಿದ್ದದ್ದು ಎಮ್ಮೆ. ಕಹಿ ಬಂದಾಗ ಹಾಲು ಕೊಡುವವರ ಮೇಲೆ ಏರಿಹೋಗಬೇಡಿ, ಮೇವು ಏನು ಎಂದು ಕೇಳಿ.

ಹಾಲೇ ಕಹಿ ಇಲ್ಲ, ಮೊಸರು ಮಾತ್ರ ಕಹಿ ಎಂದಾದರೆ ಎರಡು ಕಾರಣ ನೋಡಿ. ಕಾಯಿಸದ ಹಾಲು ಎರಡು, ಮೂರು ದಿನ ಫ್ರಿಜ್‌ನಲ್ಲಿತ್ತೇ? ತಂಪಿನಲ್ಲೂ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ಕಿಣ್ವ ಕುದಿಸಿದರೂ ಉಳಿದು ಪ್ರೋಟೀನನ್ನು ಕಹಿ ತುಣುಕುಗಳಾಗಿ ಒಡೆಯುತ್ತದೆ. ಹಾಲು ಬಂದ ದಿನವೇ ಕಾಯಿಸಿ. ಎರಡನೆಯದು, ವಾರಗಟ್ಟಲೆ ಫ್ರಿಜ್‌ನಲ್ಲಿ ಕೂತ ಹಳೆಯ ಹೆಪ್ಪು.

ಹೆಂಡದ ವಾಸನೆ, ಒಳಗೆ ಗುಳ್ಳೆ

ಮುಚ್ಚಳ ತೆಗೆದಾಗ ಹೆಂಡದ ಅಥವಾ ಹೆಚ್ಚು ಕಳಿತ ಬಾಳೆಹಣ್ಣಿನ ವಾಸನೆ ಬಂದರೆ ಯೀಸ್ಟ್ ಸೇರಿದೆ. ಬಿಯರಿಗೂ ಬ್ರೆಡ್ಡಿಗೂ ಯೀಸ್ಟ್ ಬೇಕು, ಮೊಸರಿನಲ್ಲಿ ಅದು ಬೇಡದ ನೆಂಟ. ಸಾಮಾನ್ಯವಾಗಿ ಇದು ಬರುವುದು ದೋಸೆಹಿಟ್ಟಿನ ಪಾತ್ರೆ ಪಕ್ಕದಲ್ಲಿದ್ದಾಗ, ಹಿಟ್ಟು ಕಲಸಿದ ಚಮಚವನ್ನೇ ಮೊಸರಿಗೆ ಹಾಕಿದಾಗ, ಇಲ್ಲವೆ ಹೆಪ್ಪು ಬಹಳ ಹಳೆಯದಾದಾಗ. ಚೆಲ್ಲಿ, ಪಾತ್ರೆ ಕುದಿಸಿ, ಹೊಸ ಹೆಪ್ಪು ತನ್ನಿ.

ಮೊಸರನ್ನು ಕತ್ತರಿಸಿದಾಗ ಒಳಗೆಲ್ಲ ತೂತು, ಬಿರುಕು, ಜೊತೆಗೆ ಹೊಲಸು ವಾಸನೆ ಇದ್ದರೆ ಅದು ಬೇರೆ ಮಾತು. ಕೋಲಿಫಾರ್ಮ್ ಎಂಬ, ಸಗಣಿ ಮತ್ತು ಕೊಳಕು ನೀರಿನ ಬ್ಯಾಕ್ಟೀರಿಯಾ ಗಾಳಿ ಮಾಡಿರುವ ಗುರುತು ಅದು. ಅವು ಕುದಿಗೆ ಸಾಯುತ್ತವೆ, ಆದ್ದರಿಂದ ಕಾಯಿಸಿದ ಮೇಲೆ ಸೇರಿವೆ ಎಂದು ಅರ್ಥ: ಕೈ, ಚಮಚ, ಒರೆಸುವ ಬಟ್ಟೆ, ಪಾತ್ರೆ ತೊಳೆದ ನೀರು. ನಳದ ನೀರು ಹಲವು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ಸಂಗ್ರಹಿಸಿದ ನೀರಿನಲ್ಲಿ ಗಡಿಗೆ ತೊಳೆಯುತ್ತೇವೆ. ಕೊನೆಯ ತೊಳೆತವನ್ನಾದರೂ ಕುದಿಸಿದ ನೀರಿನಲ್ಲಿ ಮಾಡಿ.

ಇಂಥ ಮೊಸರು ಉಂಡು ಒಂದರಿಂದ ಆರು ತಾಸಿನೊಳಗೆ ವಾಂತಿ ಶುರುವಾದರೆ, ಅಥವಾ ಮರುದಿನ ಭೇದಿಯಾದರೆ, ಓ.ಆರ್.ಎಸ್. ಗುಟುಕು ಗುಟುಕಾಗಿ ಕುಡಿಸಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಕೂಸುಗಳಾದರೆ ಅಷ್ಟೂ ಕಾಯಬೇಡಿ.

ಲೋಹದ ರುಚಿ, ಕಮಟು, ಹೊಗೆ

ಲೋಹದ ರುಚಿಗೆ ಪಾತ್ರೆ ನೋಡಿದರೆ ಸಾಕು. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮೊಸರು ಇಡಲೇಬಾರದು. ಹುಳಿಗೆ ತಾಮ್ರ ಕರಗಿ ಹೊಟ್ಟೆಗೆ ಸೇರುತ್ತದೆ, ನೀಲಿ ಹಸಿರು ಕಿಲುಬು ಕಂಡ ಮೊಸರನ್ನು ಮುಟ್ಟಬೇಡಿ. ಅಲ್ಯುಮಿನಿಯಮ್ ಕೂಡ ಬೇಡ. ಸೋಪಿನಂಥ ಕಮಟು ಇದ್ದರೆ ಹಾಲಿನ ಕೊಬ್ಬು ಒಡೆದಿದೆ: ಹಸಿ ಹಾಲು ಕ್ಯಾನಿನಲ್ಲಿ ಬಿಸಿಲಲ್ಲಿ ಕುಲುಕುತ್ತ ಬಹಳ ದೂರದಿಂದ ಬಂದಾಗ, ಕರೆಯುವ ಅವಧಿ ಮುಗಿಯುತ್ತ ಬಂದ ಎಮ್ಮೆಯ ಹಾಲಾದಾಗ ಹೀಗಾಗುತ್ತದೆ. ಹೊಗೆಯ ವಾಸನೆ ಕಟ್ಟಿಗೆ ಒಲೆಯದು. ಅದನ್ನು ದೋಷ ಎನ್ನಲು ನನಗೆ ಮನಸ್ಸಿಲ್ಲ, ಆಯಿಯ ಮೊಸರು ಹಾಗೇ ಇರುತ್ತಿತ್ತು.

ಹೆಪ್ಪೇ ಸತ್ತಿದ್ದರೆ

ಪರೀಕ್ಷೆಯಲ್ಲಿ ತಪ್ಪು ಹೆಪ್ಪಿನದೇ ಎಂದು ಖಾತ್ರಿಯಾದರೆ ಚೆನ್ನಾಗಿ ಮೊಸರಾಗುವ ಮನೆಯಿಂದ ತರುವುದು ಸುಲಭ. ಕೇಳಲು ಯಾರೂ ಇಲ್ಲದಿದ್ದರೆ ಮೆಣಸಿನಕಾಯಿ ತೊಟ್ಟು ಇದೆ. ಬ್ಯಾಡಗಿಯ ಒಣಮೆಣಸಿನಕಾಯಿ ಮನೆಯಲ್ಲಿದ್ದರೆ ಬುಡದ ಟೊಪ್ಪಿಗೆ ಸಮೇತ ಏಳೆಂಟು ತೊಟ್ಟು ಬಿಡಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಒಮ್ಮೆ ಜಾಲಾಡಿ ಧೂಳು ತೆಗೆಯಿರಿ. ಅರ್ಧ ಬಟ್ಟಲು ಬೆಚ್ಚನೆ ಹಾಲಿನಲ್ಲಿ ಮುಳುಗಿಸಿ, ಮುಚ್ಚಿ, ಹತ್ತು ಹನ್ನೆರಡು ತಾಸು ಬೆಚ್ಚಗಿಡಿ. ತೊಟ್ಟಿನ ಮೇಲೆ ಮೊದಲೇ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಾಲನ್ನು ಸಡಿಲವಾಗಿ ನಿಲ್ಲಿಸುತ್ತವೆ. ನಿಂಬೆಹಣ್ಣು ಹಿಂಡಿದರೆ ಹಾಲು ಒಡೆಯುತ್ತದೆ, ಅದರಿಂದ ಹೆಪ್ಪು ಹುಟ್ಟುವುದಿಲ್ಲ. ತೊಟ್ಟಿನ ಈ ಮೊದಲ ಮೊಸರನ್ನು ಉಣ್ಣಬೇಡಿ. ವಾಸನೆ ಶುದ್ಧ ಹುಳಿಯಾಗಿದ್ದರೆ ಅದರಿಂದ ಒಂದು ಚಮಚ ತೆಗೆದು ಎರಡನೇ ಸಲ ಹೆಪ್ಪಿಡಿ, ಅದರಿಂದ ಮೂರನೇ ಸಲ. ಮೂರನೆಯದರಲ್ಲಿ ಮೆಣಸಿನ ಘಾಟು ಹೋಗಿರುತ್ತದೆ, ಮೊಸರು ಗಟ್ಟಿಯಾಗಿ ನಿಂತಿರುತ್ತದೆ, ಅದನ್ನು ರೊಟ್ಟಿಯ ತಟ್ಟೆಗೆ ಹಾಕಬಹುದು.